ವ್ಯಾನ್ ಹೊರಡುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ

ಪ್ರಶ್ನೆ: ನಮ್ಮದು ಮನೆಮನೆಗೆ ದಿನಸಿ, ತರಕಾರಿ, ಹಾಲು, ಫ್ರೋಜನ್ ಸಾಮಾನು ತಲುಪಿಸುವ ಗೋದಾಮು. ಆರ್ಡರ್ ಬಂದ ಸಾಲಿನಲ್ಲೇ ಒಂದೊಂದಾಗಿ ಆರಿಸಿ, ಪ್ಯಾಕ್ ಮಾಡಿ, ವ್ಯಾನ್‌ಗೆ ಹಾಕುತ್ತೇವೆ. ಬೆಳಿಗ್ಗೆ ಎಲ್ಲ ಸರಿಯಾಗಿರುತ್ತದೆ. ಸಂಜೆ ಆರ್ಡರ್ ಜಾಸ್ತಿಯಾದಾಗ ವ್ಯಾನ್‌ಗಳು ಬಾಗಿಲಲ್ಲಿ ಕಾಯುತ್ತವೆ, ಐಸ್‌ಕ್ರೀಮ್ ಮೆತ್ತಗಾಗುತ್ತದೆ, ಮೊಟ್ಟೆ ಒಡೆದ ದೂರು ಬರುತ್ತದೆ. ಬಂದ ಆರ್ಡರನ್ನೆಲ್ಲ ಕೂಡಲೇ ಒಳಗೆ ಬಿಟ್ಟು ನೋಡಿದೆವು. ಪ್ಯಾಕಿಂಗ್ ಟೇಬಲ್‌ಗೆ ಇನ್ನಿಬ್ಬರನ್ನು ಹಾಕಿ ನೋಡಿದೆವು. ವ್ಯತ್ಯಾಸ ಕಾಣಲಿಲ್ಲ. ಪ್ಯಾಕಿಂಗ್ ಸಾಲನ್ನು ಹೇಗೆ ಜೋಡಿಸಬೇಕು? ಇದಕ್ಕೆ ಸಾಫ್ಟ್‌ವೇರ್ ಬೇಕೇ ಬೇಕಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಒಂದು ಸುಳಿವಿದೆ. ಬೆಳಿಗ್ಗೆ ಸರಿ ಇರುತ್ತದೆ, ಸಂಜೆ ಕೆಡುತ್ತದೆ ಎಂದಿದ್ದೀರಿ. ಅಂದರೆ ನಿಮ್ಮ ಜನರಿಗೆ ಕೆಲಸ ಗೊತ್ತಿದೆ. ಆರ್ಡರ್ ಕಡಿಮೆ ಇದ್ದಾಗ ಯಾವ ಸಾಲಿನಲ್ಲಿ ಮಾಡಿದರೂ ನಡೆದುಹೋಗುತ್ತದೆ, ಸಾಲಿನ ತಪ್ಪು ಹೊರಗೆ ಕಾಣುವುದೇ ಇಲ್ಲ. ಒತ್ತಡ ಬಿದ್ದಾಗ ಕಾಣುತ್ತದೆ. ನಿಮ್ಮಲ್ಲಿ ಯಾವ ಆರ್ಡರ್ ಮೊದಲು ಅನ್ನುವುದನ್ನು ಅದು ಬಂದ ಹೊತ್ತು ತೀರ್ಮಾನಿಸುತ್ತಿದೆ. ತೀರ್ಮಾನಿಸಬೇಕಾದದ್ದು ವ್ಯಾನ್ ಹೊರಡುವ ಹೊತ್ತು. ಉಳಿದ ಬಹುಪಾಲು ತೊಂದರೆ ಇದರಿಂದಲೇ ಹುಟ್ಟುತ್ತಿದೆ ಅಂತ ನನ್ನ ಅನಿಸಿಕೆ.

ಮೊದಲು ಬಂದವರಿಗೆ ಮೊದಲು ಅನ್ನುವುದು ನ್ಯಾಯ ಅನಿಸುತ್ತದೆ, ಅಲ್ವಾ? ಎದುರಿಗೆ ಜನ ನಿಂತಿರುವ ಕೌಂಟರಿನಲ್ಲಿ ಅದು ನ್ಯಾಯವೇ. ಮನೆಯಲ್ಲಿ ಕೂತ ಗ್ರಾಹಕರಿಗೆ ತಮ್ಮ ಆರ್ಡರ್ ಎಷ್ಟನೆಯದು ಅಂತ ಗೊತ್ತೂ ಇಲ್ಲ, ಅದು ಅವರಿಗೆ ಬೇಕಾಗಿಯೂ ಇಲ್ಲ. ನೀವು ಅವರಿಗೆ ಕೊಟ್ಟ ಮಾತು 'ಆರರಿಂದ ಏಳರೊಳಗೆ ಬರುತ್ತೇವೆ' ಎಂಬುದು. ಆ ಮಾತು ಉಳಿಯಬೇಕು, ಅಷ್ಟೇ.

ಒಂದು ಸಣ್ಣ ಲೆಕ್ಕ ಹಾಕೋಣ. ಗಂಟೆ ಐದು. ಪ್ಯಾಕಿಂಗ್ ಟೇಬಲ್ ಒಂದೇ ಇದೆ. ಮೂರು ವ್ಯಾನ್‌ಗಳ ಕೆಲಸ ಕಾಯುತ್ತಿದೆ. ಮೊದಲು ಬಂದ ಕೆಲಸಕ್ಕೆ 30 ನಿಮಿಷ ಬೇಕು, ಅದರ ವ್ಯಾನ್ ಹೊರಡುವುದು 6.30ಕ್ಕೆ. ಎರಡನೆಯದಕ್ಕೆ 20 ನಿಮಿಷ, ವ್ಯಾನ್ 5.30ಕ್ಕೆ. ಮೂರನೆಯದಕ್ಕೆ 10 ನಿಮಿಷ, ವ್ಯಾನ್ 5.45ಕ್ಕೆ. ಬಂದ ಸಾಲಿನಲ್ಲೇ ಹೋದರೆ ಮೊದಲನೆಯದು 5.30ಕ್ಕೆ ಮುಗಿದು ಒಂದು ಗಂಟೆ ಬಾಗಿಲ ಬಳಿ ಸುಮ್ನೆ ಕೂರುತ್ತದೆ. ಎರಡನೆಯದು 5.50ಕ್ಕೆ ಮುಗಿಯುತ್ತದೆ, 20 ನಿಮಿಷ ತಡ. ಮೂರನೆಯದು 6.00ಕ್ಕೆ, 15 ನಿಮಿಷ ತಡ. ಈಗ ಹೊರಡುವ ಹೊತ್ತಿನ ಪ್ರಕಾರ ಜೋಡಿಸಿ. 5.30ರ ವ್ಯಾನಿನ ಕೆಲಸ 5.20ಕ್ಕೆ ಮುಗಿಯುತ್ತದೆ, 5.45ರದ್ದು 5.30ಕ್ಕೆ, 6.30ರದ್ದು 6.00ಕ್ಕೆ. ಒಂದೂ ತಡವಾಗಲಿಲ್ಲ. ಜನ ಅಷ್ಟೇ, ಕೆಲಸವೂ ಅಷ್ಟೇ.

ಗಡುವು ಹತ್ತಿರ ಇರುವ ಕೆಲಸ ಮೊದಲು ಅನ್ನುವ ಈ ಸೂತ್ರ ಹಳೆಯದು. ಜೇಮ್ಸ್ ಜಾಕ್ಸನ್ 1955ರಲ್ಲಿ ಇದನ್ನು ಲೆಕ್ಕ ಸಮೇತ ತೋರಿಸಿದರು. ಕೆಲಸಗಳೆಲ್ಲ ಒಂದೇ ಟೇಬಲ್ ಮೇಲೆ ಒಂದಾದ ಮೇಲೊಂದು ನಡೆಯುವಾಗ, ಎಲ್ಲಕ್ಕಿಂತ ಜಾಸ್ತಿ ತಡವಾಗುವ ಕೆಲಸದ ತಡವನ್ನು ಇದಕ್ಕಿಂತ ಕಡಿಮೆ ಮಾಡುವ ಸಾಲು ಇನ್ನೊಂದಿಲ್ಲ.

ಆದರೆ ಇದಕ್ಕೂ ಒಂದು ಮಿತಿ ಇದೆ, ಅದನ್ನು ತಿಳಿದಿರುವುದು ಒಳ್ಳೆಯದು. ಎಲ್ಲ ಕೆಲಸಕ್ಕೂ ಸಮಯ ಸಾಲುವಾಗ ಸೂತ್ರ ಚೆನ್ನಾಗಿ ನಡೆಯುತ್ತದೆ. ಸಾಲದೇ ಹೋದಾಗ ತಡ ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ. ಐದು ಗಂಟೆಗೆ ನಾಲ್ಕು ಕೆಲಸ ಇವೆ ಅಂದುಕೊಳ್ಳಿ. ಒಂದಕ್ಕೆ 35 ನಿಮಿಷ, ವ್ಯಾನ್ 5.35ಕ್ಕೆ. ಉಳಿದ ಮೂರಕ್ಕೆ ತಲಾ 10 ನಿಮಿಷ, ವ್ಯಾನ್‌ಗಳು 5.40, 5.50 ಮತ್ತು 6.00ಕ್ಕೆ. ಗಡುವಿನ ಸಾಲಿನಲ್ಲಿ ಹೋದರೆ ದೊಡ್ಡದು ಸರಿಯಾಗಿ 5.35ಕ್ಕೆ ಮುಗಿಯುತ್ತದೆ. ಆಮೇಲಿನ ಮೂರೂ ಐದೈದು ನಿಮಿಷ ತಡ. ಬದಲಿಗೆ ದೊಡ್ಡದನ್ನು ಕೊನೆಗೆ ತಳ್ಳಿದರೆ ಸಣ್ಣ ಮೂರೂ ಹೊತ್ತಿಗೆ ಮುಂಚೆ ಮುಗಿಯುತ್ತವೆ, ದೊಡ್ಡದೊಂದು 6.05ಕ್ಕೆ, ಅರ್ಧ ಗಂಟೆ ತಡ. ಗಡುವಿನ ಸಾಲಿನಲ್ಲಿ ಹೋಗುತ್ತಾ, ಒಂದು ಕೆಲಸ ತಡವಾಗುತ್ತದೆ ಅಂತ ಕಂಡ ಕೂಡಲೇ ಅಲ್ಲಿಯವರೆಗಿನದರಲ್ಲಿ ಎಲ್ಲಕ್ಕಿಂತ ಉದ್ದದ ಕೆಲಸವನ್ನು ಕೊನೆಗೆ ಕಳಿಸುವ ಈ ದಾರಿಯನ್ನು 1968ರಲ್ಲಿ ಜೆ. ಮೈಕಲ್ ಮೂರ್ ಕೊಟ್ಟರು. ತಡವಾಗುವ ಕೆಲಸಗಳ ಸಂಖ್ಯೆ ಇದರಿಂದ ಕನಿಷ್ಠವಾಗುತ್ತದೆ.

ಮೂರು ವ್ಯಾನ್ ಐದು ನಿಮಿಷ ತಡವಾಗುವುದು ಒಳ್ಳೆಯದೋ, ಒಂದು ವ್ಯಾನ್ ಅರ್ಧ ಗಂಟೆ ತಡವಾಗುವುದು ಒಳ್ಳೆಯದೋ? ಇದಕ್ಕೆ ಲೆಕ್ಕದಲ್ಲಿ ಉತ್ತರ ಇಲ್ಲ. ನನ್ನನ್ನು ಕೇಳಿದರೆ, ಐದು ನಿಮಿಷವನ್ನು ಡ್ರೈವರ್ ದಾರಿಯಲ್ಲಿ ಸರಿದೂಗಿಸಬಹುದಾದರೆ ಮೊದಲನೆಯದು. ನಿಮ್ಮ ಡೆಲಿವರಿ ಸಮಯ ಬಿಗಿಯಾಗಿದ್ದರೆ ಎರಡನೆಯದು. ಆಗ ಆ ಒಂದು ವ್ಯಾನಿನ ಗ್ರಾಹಕರಿಗೆ ಐದು ಗಂಟೆಗೇ ಸಂದೇಶ ಹೋಗಬೇಕು, 6.05ಕ್ಕಲ್ಲ. ಏನೇ ಆಗಲಿ, ಈ ತೀರ್ಮಾನವನ್ನು ಶಿಫ್ಟ್ ನೋಡಿಕೊಳ್ಳುವ ಒಬ್ಬರೇ ತೆಗೆದುಕೊಳ್ಳಬೇಕು. ಗಲಾಟೆಯ ಹೊತ್ತಿನಲ್ಲಿ ಪ್ಯಾಕರ್‌ಗಳು ತಮ್ಮತಮ್ಮಲ್ಲೇ ತೀರ್ಮಾನಿಸಿಕೊಂಡರೆ ಯಾರು ಜೋರಾಗಿ ಕೂಗುತ್ತಾರೋ ಆ ಡ್ರೈವರಿನ ಕೆಲಸ ಮೊದಲಾಗುತ್ತದೆ.

ಈಗ ತಣ್ಣನೆಯ ಸಾಮಾನಿನ ವಿಷಯ. ನಿಮ್ಮ ಐಸ್‌ಕ್ರೀಮ್ ಮೆತ್ತಗಾಗುವುದು ಫ್ರೀಜರಿನ ತಪ್ಪು ಅಂತ ನನಗೆ ಅನಿಸುವುದಿಲ್ಲ. ಒಂದು ಆರ್ಡರನ್ನು ನೀವು ಒಂದೇ ತುಂಡು ಅಂದುಕೊಂಡಿದ್ದೀರಿ. ಒಬ್ಬರೇ ಟ್ರಾಲಿ ಹಿಡಿದು ಅಕ್ಕಿ, ಎಣ್ಣೆ, ಹಾಲು, ಐಸ್‌ಕ್ರೀಮ್ ಎಲ್ಲ ತೆಗೆದುಕೊಂಡು ಬಂದು ಟೇಬಲ್ ಬಳಿ ಕಾಯುತ್ತಾರೆ. ಅಲ್ಲಿಂದ ಬಾಗಿಲಿಗೆ, ಅಲ್ಲೂ ಕಾಯುವುದು. ಅಕ್ಕಿಗೆ ಕಾಯುವುದರಿಂದ ಏನೂ ಆಗುವುದಿಲ್ಲ. ಐಸ್‌ಕ್ರೀಮ್‌ಗೆ ಆಗುತ್ತದೆ.

ಆರ್ಡರನ್ನು ಮೂರಾಗಿ ಒಡೆಯಿರಿ. ಹೊರಗಿನ ಶಾಖದಲ್ಲಿ ಇಡಬಹುದಾದ ಡ್ರೈ ಸಾಮಾನು ಒಂದು. ಹಾಲು, ಮಾಂಸದಂಥ ಚಿಲ್ಡ್ ಸಾಮಾನು ಇನ್ನೊಂದು. ಫ್ರೋಜನ್ ಮೂರನೆಯದು. ಮೂರಕ್ಕೂ ಬೇರೆ ಬೇರೆ ಬ್ಯಾಗ್, ಬೇರೆ ಬೇರೆ ಲೇಬಲ್, ಬೇರೆ ಬೇರೆ ಹೊತ್ತು. ಮೂರೂ ಒಂದಾಗುವುದು ವ್ಯಾನಿನ ಬಾಗಿಲಲ್ಲಿ, ಅದಕ್ಕೆ ಮುಂಚೆ ಅಲ್ಲ.

ಹೊತ್ತನ್ನು ಹಿಂದಿನಿಂದ ಎಣಿಸಿ. ವ್ಯಾನ್ 6.00ಕ್ಕೆ ಹೊರಡಬೇಕು. ತುಂಬಲು ಹತ್ತು ನಿಮಿಷ ಅಂದರೆ 5.50ಕ್ಕೆ ಎಲ್ಲ ಬಾಗಿಲ ಬಳಿ ಇರಬೇಕು. ಫ್ರೋಜನ್ ಬ್ಯಾಗ್ ಫ್ರೀಜರಿನಿಂದ ಹೊರಬರುವುದು 5.45ಕ್ಕೆ. ಅದನ್ನು ಫ್ರೀಜರಿನ ಒಳಗೇ ಆರಿಸಿ, ಒಳಗೇ ಬ್ಯಾಗಿಗೆ ಹಾಕಿ, ಲೇಬಲ್ ಹಚ್ಚಿ, ಅಲ್ಲೇ ಇಟ್ಟಿರಬಹುದು. ಚಿಲ್ಡ್ ಬ್ಯಾಗನ್ನು 5.00ರಿಂದ 5.40ರ ನಡುವೆ ತಣ್ಣನೆಯ ಕೋಣೆಯಲ್ಲೇ ಕಟ್ಟಿ ಅಲ್ಲೇ ಬಿಡಿ. ಡ್ರೈ ಸಾಮಾನನ್ನು ಮೂರು ಗಂಟೆಗೇ ಮುಗಿಸಬಹುದು, ಮಧ್ಯಾಹ್ನ ಕೆಲಸ ಕಡಿಮೆ ಇರುವಾಗ. ನಿಮ್ಮ ಸಂಜೆಯ ಒತ್ತಡದಲ್ಲಿ ದೊಡ್ಡ ಪಾಲು ಈ ಡ್ರೈ ಸಾಮಾನಿನದೇ ಇರುತ್ತದೆ. ಸಂಜೆಯ ಸ್ಲಾಟ್‌ಗೆ ಬೆಳಿಗ್ಗೆಯೇ ಬಂದ ಆರ್ಡರ್‌ಗಳ ಅಕ್ಕಿ, ಬೇಳೆ, ಸೋಪನ್ನು ಸಂಜೆಯವರೆಗೆ ಮುಟ್ಟದೇ ಇರಲು ಯಾವ ಕಾರಣವೂ ಇಲ್ಲ.

ತಣ್ಣನೆಯ ಸಾಮಾನಿಗೆ ಇಷ್ಟು ಕಾಳಜಿ ಯಾಕೆ ಅಂದರೆ, ಅದು ಹೊರಗೆ ಕಳೆದ ನಿಮಿಷಗಳೆಲ್ಲ ಕೂಡಿಕೊಳ್ಳುತ್ತವೆ. ಫ್ರೋಜನ್ ಸಾಮಾನಿಗೆ ಅಂತರರಾಷ್ಟ್ರೀಯ ಆಹಾರ ಮಾನದಂಡ ಕೋಡೆಕ್ಸ್ ಹೇಳುವುದು ಮೈನಸ್ 18 ಡಿಗ್ರಿ ಸೆಲ್ಸಿಯಸ್. ಚಿಲ್ಡ್ ಸಾಮಾನನ್ನು ಸಾಮಾನ್ಯವಾಗಿ 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇಡುತ್ತಾರೆ. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಬೇಗ ಕೆಡುವ ಆಹಾರ ಒಟ್ಟು ಎರಡು ಗಂಟೆಗಿಂತ ಜಾಸ್ತಿ ಹೊರಗಿರಬಾರದು, ಸುತ್ತಲಿನ ಶಾಖ 32 ಡಿಗ್ರಿ ದಾಟಿದರೆ ಒಂದೇ ಗಂಟೆ ಅನ್ನುವುದು ಅಮೆರಿಕದ ಕೃಷಿ ಇಲಾಖೆಯ ಸಲಹೆ. ನಿಮ್ಮ ಊರಿನ ಕಾನೂನು ಇದಕ್ಕಿಂತ ಬಿಗಿಯಾಗಿದ್ದರೆ ಅದನ್ನೇ ಹಿಡಿಯಿರಿ. ಗಮನಿಸಬೇಕಾದದ್ದು 'ಒಟ್ಟು' ಅನ್ನುವುದನ್ನು. ಟ್ರಾಲಿಯಲ್ಲಿ 20 ನಿಮಿಷ, ಟೇಬಲ್ ಬಳಿ 25, ಬಾಗಿಲಲ್ಲಿ 15, ಅಲ್ಲಿಗೇ ಒಂದು ಗಂಟೆ ಆಯಿತು. ಗ್ರಾಹಕರು ಅದನ್ನು ಮನೆಯ ಫ್ರಿಜ್ಜಿಗೆ ಇಡುವ ಮುಂಚೆ ಕಳೆಯುವ ಹೊತ್ತು ಇನ್ನೂ ಬಾಕಿ ಇದೆ.

ಐಸ್‌ಕ್ರೀಮ್ ವಿಷಯದಲ್ಲಿ ಇನ್ನೊಂದು ಮಾತು. ಅದು ಕರಗಿ ನೀರಾಗುವ ತನಕ ಕಾಯಬೇಕಾಗಿಲ್ಲ, ಮೆತ್ತಗಾದರೇ ಕೆಟ್ಟ ಹಾಗೆ. ಅದರೊಳಗಿನ ಸಣ್ಣ ಮಂಜಿನ ಹರಳುಗಳು ಕರಗಿ, ಮತ್ತೆ ಹೆಪ್ಪುಗಟ್ಟುವಾಗ ಉಳಿದ ಹರಳುಗಳಿಗೆ ಅಂಟಿಕೊಂಡು ದಪ್ಪಗಾಗುತ್ತವೆ. ಆಮೇಲೆ ಎಷ್ಟು ತಣ್ಣಗೆ ಮಾಡಿದರೂ ಬಾಯಿಗೆ ಮರಳು ಮರಳಾಗಿ ಸಿಗುತ್ತದೆ. ಹಾಗಾಗಿ ವ್ಯಾನ್ ತಡವಾಯಿತು ಅಂತ ಬಾಗಿಲಿನಿಂದ ವಾಪಸ್ ತಂದು ಫ್ರೀಜರಿಗೆ ಹಾಕುವುದು ಪರಿಹಾರ ಅಲ್ಲ. ವ್ಯಾನ್ ಬಂದು ನಿಂತಿದೆ ಅಂತ ಖಚಿತವಾದ ಮೇಲೆ ಫ್ರೋಜನ್ ಬ್ಯಾಗ್ ಹೊರಗೆ ತರುವುದು ಪರಿಹಾರ. ನಿಮ್ಮಲ್ಲಿ ಒಂದೇ ಒಂದು ನಿಯಮ ಬದಲಾಯಿಸಲು ಸಾಧ್ಯ ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಜೆಲ್ ಪ್ಯಾಕ್‌ಗಳನ್ನು ಜಾಸ್ತಿ ನಂಬಬೇಡಿ. ಅವು ತಣ್ಣಗಿರುವುದನ್ನು ಸ್ವಲ್ಪ ಹೊತ್ತು ತಣ್ಣಗಿಡುತ್ತವೆ, ಬಿಸಿಯಾದದ್ದನ್ನು ತಣ್ಣಗೆ ಮಾಡಲಾರವು. ಬಾಕ್ಸನ್ನೂ ಮುಂಚೆಯೇ ತಣ್ಣಗೆ ಮಾಡಿರಬೇಕು. ಪ್ಯಾಕನ್ನು ಸಾಮಾನಿನ ಮೇಲೆ ಇಡಿ, ತಣ್ಣನೆಯ ಗಾಳಿ ಕೆಳಗೆ ಇಳಿಯುತ್ತದೆ. ಡ್ರೈ ಐಸ್ ಬಳಸುವುದಾದರೆ ಅದು ಮೈನಸ್ 78.5 ಡಿಗ್ರಿಯಲ್ಲಿ ನೇರವಾಗಿ ಇಂಗಾಲದ ಡೈಆಕ್ಸೈಡ್ ಅನಿಲವಾಗುತ್ತದೆ. ಗಾಳಿಯಾಡದ ವ್ಯಾನಿನಲ್ಲಿ, ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಅದು ಅಪಾಯ. ಬರಿಗೈಯಲ್ಲಿ ಮುಟ್ಟಲೂ ಬಾರದು.

ಇನ್ನು ಒಡೆದ ಮೊಟ್ಟೆ. ಇದಕ್ಕೆ ಎಲ್ಲರೂ ಪ್ಯಾಕರನ್ನು ಬೈಯುತ್ತಾರೆ. ಆದರೆ ಬ್ಯಾಗಿನೊಳಗೆ ಯಾವುದು ಕೆಳಗೆ, ಯಾವುದು ಮೇಲೆ ಅನ್ನುವುದು ಬಹಳಷ್ಟು ಸಲ ಪಿಕ್ಕರ್ (ಸಾಮಾನು ಆರಿಸುವವರು) ನಡೆಯುವ ದಾರಿಯಲ್ಲೇ ತೀರ್ಮಾನವಾಗಿರುತ್ತದೆ. ರ‍್ಯಾಕ್‌ಗಳ ಮೊದಲ ಓಣಿಯಲ್ಲಿ ಬ್ರೆಡ್ಡು, ಕೊನೆಯ ಓಣಿಯಲ್ಲಿ ಎಣ್ಣೆ ಡಬ್ಬ ಇದ್ದರೆ, ಕ್ರೇಟಿನಲ್ಲಿ ಬ್ರೆಡ್ಡಿನ ಮೇಲೆ ಎಣ್ಣೆ ಬಂದು ಕೂರುತ್ತದೆ. ಪ್ಯಾಕರ್ ಎಲ್ಲವನ್ನೂ ಹೊರಗೆ ತೆಗೆದು, ಮತ್ತೆ ಜೋಡಿಸಬೇಕು. ಸಂಜೆಯ ಗಡಿಬಿಡಿಯಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಮಾಡಿದರೂ ಒಂದೇ ಕೆಲಸ ಎರಡು ಸಲ ಆದಂತೆ.

ದಾರಿಯನ್ನೇ ಬದಲಾಯಿಸಿ. ಭಾರದ ಚೀಲ, ಬಾಟಲಿ, ಡಬ್ಬಗಳು ದಾರಿಯ ಆರಂಭದಲ್ಲಿ. ಆಮೇಲೆ ಗಟ್ಟಿ ಪೆಟ್ಟಿಗೆಯ ಸಾಮಾನು. ಆಮೇಲೆ ಮೆತ್ತನೆಯ ಪೊಟ್ಟಣ. ಕೊನೆಗೆ ಮೊಟ್ಟೆ, ಬ್ರೆಡ್ಡು, ಚಿಪ್ಸ್, ಸೊಪ್ಪು. ಆಗ ಕ್ರೇಟಿನೊಳಗೆ ಸಾಮಾನು ಬೀಳುವ ಸಾಲೇ ಬ್ಯಾಗಿನ ಸಾಲೂ ಆಗುತ್ತದೆ. ರ‍್ಯಾಕ್ ಬದಲಿಸುವುದು ಒಂದು ರಾತ್ರಿಯ ಕೆಲಸ ಅಲ್ಲ, ಗೊತ್ತು. ಆದರೆ ಎಲ್ಲವನ್ನೂ ಬದಲಿಸಬೇಕಾಗಿಲ್ಲ. ತೀರಾ ಭಾರದ್ದನ್ನು ಮುಂದಕ್ಕೆ, ತೀರಾ ನಾಜೂಕಾದದ್ದನ್ನು ಕೊನೆಗೆ ತಂದರೆ ಸಾಕು, ನಡುವಿನದು ಹೇಗಿದ್ದರೂ ನಡೆಯುತ್ತದೆ.

ಇಲ್ಲಿ ಒಂದು ತಿಕ್ಕಾಟ ಬರುತ್ತದೆ. ಜಾಸ್ತಿ ಹೋಗುವ ಸಾಮಾನನ್ನು ಪ್ಯಾಕಿಂಗ್ ಟೇಬಲ್ ಹತ್ತಿರ ಇಡಬೇಕು ಅಂತ ನೀವು ಕೇಳಿರಬಹುದು. ಅದೂ ನಿಜ. ಪಿಕ್ಕರಿನ ಹೊತ್ತಿನಲ್ಲಿ ಸುಮಾರು ಅರ್ಧ ನಡೆಯುವುದರಲ್ಲೇ ಹೋಗುತ್ತದೆ ಅನ್ನುವುದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪುವ ಅಂದಾಜು. ಜೆ. ಎಲ್. ಹೆಸ್ಕೆಟ್ 1963ರಲ್ಲಿ ಇದಕ್ಕೊಂದು ಅಳತೆ ಸೂಚಿಸಿದರು: ಒಂದು ಸಾಮಾನು ಎಷ್ಟು ಜಾಗ ತಿನ್ನುತ್ತದೆ, ಅದನ್ನು ಎಷ್ಟು ಸಲ ತೆಗೆಯಬೇಕಾಗುತ್ತದೆ, ಇವುಗಳ ಅನುಪಾತ. ಕಡಿಮೆ ಜಾಗದಲ್ಲಿದ್ದು ಪದೇಪದೇ ಬೇಕಾಗುವುದು ಹತ್ತಿರ ಇರಬೇಕು. ಹಾಗಾದರೆ ಭಾರದ್ದು ಮೊದಲೋ, ಜಾಸ್ತಿ ಹೋಗುವುದು ಹತ್ತಿರವೋ? ನಾನು ಎರಡನ್ನೂ ಹೀಗೆ ಹೊಂದಿಸುತ್ತೇನೆ. ಯಾವ ಓಣಿಯಲ್ಲಿ ಏನು ಅನ್ನುವುದನ್ನು ಭಾರ ಮತ್ತು ನಾಜೂಕು ತೀರ್ಮಾನಿಸಲಿ. ಓಣಿಯೊಳಗೆ ಎಲ್ಲಿ ಅನ್ನುವುದನ್ನು ಬೇಡಿಕೆ ತೀರ್ಮಾನಿಸಲಿ. ಜಾಸ್ತಿ ಹೋಗುವುದು ಓಣಿಯ ಬಾಯಲ್ಲಿ, ಮೊಣಕಾಲಿನಿಂದ ಭುಜದವರೆಗಿನ ಎತ್ತರದಲ್ಲಿ ಇರಲಿ. ವರ್ಷಕ್ಕೆ ನಾಲ್ಕು ಸಲ ಕೇಳುವ ಮಸಾಲೆ ಡಬ್ಬಿ ಮೇಲಿನ ತಟ್ಟೆಯಲ್ಲಿ, ಓಣಿಯ ಒಳಗೆ.

ನಡೆಯುವ ದಾರಿ ಬಗ್ಗೆ ಗಣಿತದಲ್ಲಿ ಬಹಳ ಕೆಲಸ ಆಗಿದೆ. ಉದ್ದಕ್ಕೆ ಓಣಿಗಳಿರುವ ಆಯತಾಕಾರದ ಗೋದಾಮಿನಲ್ಲಿ ಅತಿ ಚಿಕ್ಕ ದಾರಿ ಹುಡುಕುವ ವಿಧಾನವನ್ನು ರ‍್ಯಾಟ್ಲಿಫ್ ಮತ್ತು ರೋಸೆಂಥಾಲ್ 1983ರಲ್ಲೇ ಕೊಟ್ಟಿದ್ದಾರೆ. ಆದರೆ ಆ ದಾರಿ ಒಂದೊಂದು ಆರ್ಡರಿಗೂ ಒಂದೊಂದು ಥರ ಇರುತ್ತದೆ. ಕೈಯಲ್ಲಿ ಸ್ಕ್ಯಾನರ್ ಇದ್ದು, ಅದೇ ಮುಂದಿನ ಜಾಗ ತೋರಿಸಿದರೆ ಮಾತ್ರ ಅದು ನಡೆಯುತ್ತದೆ. ಕಾಗದದ ಪಟ್ಟಿ ಹಿಡಿದು ಓಡಾಡುವವರಿಗೆ ಹಾವಿನ ನಡೆ ಸಾಕು: ಒಂದು ಓಣಿಯಲ್ಲಿ ಹೋಗಿ, ಮುಂದಿನದರಲ್ಲಿ ವಾಪಸ್ ಬಂದು, ಏನೂ ಬೇಕಿಲ್ಲದ ಓಣಿಯನ್ನು ಬಿಟ್ಟು ಮುಂದೆ. ಎಲ್ಲರೂ ಮೊದಲ ಓಣಿಯಿಂದ ಕೊನೆಯದರ ಕಡೆಗೇ ಸಾಗುವುದರಿಂದ ಟ್ರಾಲಿಗಳು ಎದುರುಬದುರಾಗುವುದು ಕಡಿಮೆ. ನಿಮಗೆ ಬೇಕಾದ 'ಭಾರದ್ದು ಮೊದಲು' ಸಾಲನ್ನೂ ಈ ನಡೆ ಕಾಪಾಡುತ್ತದೆ, ಚಿಕ್ಕ ದಾರಿಯ ಲೆಕ್ಕ ಕಾಪಾಡುವುದಿಲ್ಲ.

ಒಂದು ಟ್ರಾಲಿಯಲ್ಲಿ ಆರೋ ಎಂಟೋ ಕ್ರೇಟ್ ಇಟ್ಟು ಅಷ್ಟು ಆರ್ಡರನ್ನು ಒಟ್ಟಿಗೆ ಆರಿಸುವುದು ಒಳ್ಳೆಯದು. ನಡಿಗೆ ಬಹಳ ಉಳಿಯುತ್ತದೆ. ಆದರೆ ಯಾವ ಎಂಟನ್ನು ಸೇರಿಸಬೇಕು? ಒಂದೇ ವ್ಯಾನಿಗೆ ಹೋಗುವ ಎಂಟನ್ನು. ಬೇರೆ ಬೇರೆ ಹೊತ್ತಿನ ವ್ಯಾನ್‌ಗಳ ಆರ್ಡರ್ ಒಂದೇ ಟ್ರಾಲಿಯಲ್ಲಿದ್ದರೆ ತುರ್ತಿನದು ತುರ್ತಿಲ್ಲದ್ದಕ್ಕೆ ಕಾಯುತ್ತದೆ. ಸಾಮಾನು ತಪ್ಪು ಕ್ರೇಟಿಗೆ ಬೀಳುವುದು ಇದರ ದೊಡ್ಡ ಅಪಾಯ. ಸಾಮಾನನ್ನು ಸ್ಕ್ಯಾನ್ ಮಾಡಿದ ಹಾಗೆ ಕ್ರೇಟನ್ನೂ ಸ್ಕ್ಯಾನ್ ಮಾಡಿಸಿ. ಸ್ಕ್ಯಾನರ್ ಇಲ್ಲದಿದ್ದರೆ ಕ್ರೇಟಿಗೆ ದೊಡ್ಡ ಅಂಕಿ, ಬೇರೆ ಬೇರೆ ಬಣ್ಣ, ಮತ್ತು ಎಂಟರ ಬದಲು ನಾಲ್ಕೇ ಕ್ರೇಟ್.

ಇಬ್ಬರನ್ನು ಜಾಸ್ತಿ ಹಾಕಿದರೂ ವ್ಯತ್ಯಾಸ ಕಾಣಲಿಲ್ಲ ಅಂದಿದ್ದೀರಿ. ಸಂಜೆ ಆರು ಗಂಟೆಗೆ ಗೋದಾಮಿನ ನಡುವೆ ನಿಂತು ಗುಡ್ಡೆ ಎಲ್ಲಿ ಬಿದ್ದಿದೆ ನೋಡಿ. ಟೇಬಲಿನ ಮುಂದೆ ತುಂಬಿದ ಕ್ರೇಟ್‌ಗಳು ಸಾಲುಗಟ್ಟಿದ್ದರೆ ಪ್ಯಾಕಿಂಗ್ ನಿಧಾನ. ಪ್ಯಾಕರ್‌ಗಳು ಕೈಕಟ್ಟಿ ನಿಂತು ಟ್ರಾಲಿಯ ದಾರಿ ನೋಡುತ್ತಿದ್ದರೆ ಆರಿಸುವುದು ನಿಧಾನ. ಕಟ್ಟಿದ ಬ್ಯಾಗುಗಳು ಬಾಗಿಲಲ್ಲಿ ರಾಶಿ ಬಿದ್ದಿದ್ದರೆ ವ್ಯಾನ್ ಅಥವಾ ತುಂಬುವ ಕೆಲಸ ನಿಧಾನ. ನಿಮ್ಮಲ್ಲಿ ವ್ಯಾನ್ ಬಾಗಿಲಲ್ಲಿ ಕಾಯುತ್ತಿದೆ, ಹೊಸ ಇಬ್ಬರಿಂದ ಏನೂ ಆಗಲಿಲ್ಲ. ಹಾಗಾಗಿ ತಡ ಆಗುತ್ತಿರುವುದು ಟೇಬಲಿಗೆ ಮುಂಚೆಯೇ ಅಂತ ನನ್ನ ಊಹೆ. ಆ ಇಬ್ಬರನ್ನು ಆರಿಸುವ ಕೆಲಸಕ್ಕೆ ಕಳಿಸಿ ನೋಡಿ.

ಎಲ್ಲ ಆರ್ಡರನ್ನೂ ಒಮ್ಮೆಲೇ ಒಳಗೆ ಬಿಡುವುದಂತೂ ಹೊರೆಯನ್ನು ಹೆಚ್ಚಿಸುತ್ತದೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಒಂದು ಸರಳ ನಿಯಮ ಇದೆ. ಒಳಗೆ ನಡೆಯುತ್ತಿರುವ ಕೆಲಸ ಎಷ್ಟು ಅನ್ನುವುದು, ಗಂಟೆಗೆ ಮುಗಿಯುವ ಕೆಲಸವನ್ನು ಒಂದೊಂದಕ್ಕೆ ಹಿಡಿಯುವ ಹೊತ್ತಿನಿಂದ ಗುಣಿಸಿದಷ್ಟು. ನಿಮ್ಮಲ್ಲಿ ಗಂಟೆಗೆ 60 ಆರ್ಡರ್ ಹೊರಹೋಗುತ್ತವೆ ಅನ್ನಿ. ನೆಲದ ಮೇಲೆ 30 ಆರ್ಡರ್ ಇದ್ದರೆ ಒಂದೊಂದೂ ಒಳಗೆ ಕಳೆಯುವುದು ಸರಾಸರಿ ಅರ್ಧ ಗಂಟೆ. ನೆಲದ ಮೇಲೆ 90 ಬಿಟ್ಟರೆ ಒಂದೂವರೆ ಗಂಟೆ. ಹೊರಹೋಗುವುದು ಆಗಲೂ 60 ಮಾತ್ರ. ಹೆಚ್ಚಾದ ಆ ಒಂದು ಗಂಟೆ ಹಾಲೂ ಸೊಪ್ಪೂ ಕ್ರೇಟಿನಲ್ಲಿ ಕೂತಿರುತ್ತವೆ. ಹೊರಡುವ ಹೊತ್ತು ಹತ್ತಿರವಾದ ವ್ಯಾನ್‌ಗಳ ಕೆಲಸ ಮಾತ್ರ ನೆಲಕ್ಕೆ ಬರಲಿ, ಉಳಿದದ್ದು ಪಟ್ಟಿಯಲ್ಲೇ ಇರಲಿ. ಡ್ರೈ ಸಾಮಾನಿಗೆ ಮಾತ್ರ ಈ ಬಿಗಿ ಬೇಡ, ಅದನ್ನಿಡಲು ಜಾಗ ಇದ್ದರೆ ಸಾಕು.

ಶಿಫ್ಟ್ ಶುರುವಾಗುವಾಗಿನ ಒಂದು ಸಣ್ಣ ಉಪಾಯವನ್ನೂ ಹೇಳಿಬಿಡುತ್ತೇನೆ. ಬೇಗ ಆರಿಸಬಹುದಾದ, ಪ್ಯಾಕ್ ಮಾಡಲು ಹೊತ್ತು ಹಿಡಿಯುವ ಆರ್ಡರನ್ನು ಮೊದಲು ಕೊಡಿ. ಎರಡು ಆರ್ಡರ್ ತೆಗೆದುಕೊಳ್ಳಿ. ಒಂದಕ್ಕೆ ಆರಿಸಲು 5 ನಿಮಿಷ, ಕಟ್ಟಲು 12. ಇನ್ನೊಂದಕ್ಕೆ ಆರಿಸಲು 15, ಕಟ್ಟಲು 6. ಮೊದಲನೆಯದನ್ನು ಮೊದಲು ಕೊಟ್ಟರೆ ಎರಡೂ 26 ನಿಮಿಷಕ್ಕೆ ಮುಗಿಯುತ್ತವೆ. ತಿರುಗುಮುರುಗು ಮಾಡಿದರೆ 33. ಟೇಬಲ್ ಕೆಲಸವಿಲ್ಲದೆ ನಿಲ್ಲುವ ಹೊತ್ತು ಕಡಿಮೆಯಾದದ್ದೇ ಕಾರಣ. ಇದನ್ನು ಎಸ್. ಎಂ. ಜಾನ್ಸನ್ 1954ರಲ್ಲಿ ಸೂತ್ರವಾಗಿ ಕೊಟ್ಟರು. ಒಂದೇ ಹೊತ್ತಿಗೆ ಹೊರಡುವ ವ್ಯಾನಿನ ಆರ್ಡರ್‌ಗಳ ಒಳಗೆ ಮಾತ್ರ ಇದನ್ನು ಬಳಸಿ. ಗಡುವಿನ ಮೇಲೆ ಇದು ಸವಾರಿ ಮಾಡಬಾರದು.

ಬ್ಯಾಗಿನೊಳಗಿನ ನಿಯಮಗಳು ನಿಮ್ಮವರಿಗೆ ಗೊತ್ತಿರುತ್ತವೆ, ಬೇಗ ಹೇಳಿ ಮುಗಿಸುತ್ತೇನೆ. ಸೋಪು, ನೆಲ ಒರೆಸುವ ದ್ರವ ಆಹಾರದ ಬ್ಯಾಗಿನಲ್ಲಿ ಎಂದೂ ಬೇಡ, ಸೀಲ್ ಗಟ್ಟಿ ಇದ್ದರೂ ಬೇಡ. ಹಸಿ ಮಾಂಸ, ಮೀನು ಸೋರದ ಪ್ರತ್ಯೇಕ ಬ್ಯಾಗಿನಲ್ಲಿ, ನೇರ ತಿನ್ನುವ ಸಾಮಾನಿನಿಂದ ದೂರ. ಬಾಟಲಿಗಳು ನೆಟ್ಟಗೆ. ಬಿಡಿಯಾಗಿ ತೂಗಿ ಕೊಡುವ ಕಡಲೆಕಾಯಿ, ಎಳ್ಳು, ಹಿಟ್ಟಿಗೆ ಬೇರೆ ಸೌಟು, ಬೇರೆ ಜಾಗ, ಅಲರ್ಜಿ ಇರುವವರಿಗೆ ಒಂದು ಚೂರು ಬಿದ್ದರೂ ಕಷ್ಟ. ತಣ್ಣನೆಯ ಸಾಮಾನು ಹೊರಗೆ ಬಂದಾಗ ಬೆವರುತ್ತದೆ, ಕಾಗದದ ಬ್ಯಾಗಿನ ತಳ ಒದ್ದೆಯಾಗಿ ಹರಿಯುತ್ತದೆ. ಅದಕ್ಕೂ ಬೇರೆ ಬ್ಯಾಗೇ ಉತ್ತರ. ಬಾಳೆಹಣ್ಣನ್ನು ಮಾತ್ರ ಚಿಲ್ಡ್ ಬ್ಯಾಗಿಗೆ ಹಾಕಬೇಡಿ, 13 ಡಿಗ್ರಿಗಿಂತ ಕೆಳಗೆ ಅದರ ಸಿಪ್ಪೆ ಕಪ್ಪಾಗುತ್ತದೆ. ಸೇಬಿನ ಪಕ್ಕ ಸೊಪ್ಪು ಇಡಬಾರದು, ಸೇಬು ಬಿಡುವ ಎಥಿಲೀನ್‌ನಿಂದ ಸೊಪ್ಪು ಹಳದಿಯಾಗುತ್ತದೆ ಅನ್ನುತ್ತಾರಲ್ಲ, ಅದು ರ‍್ಯಾಕ್‌ನಲ್ಲಿ ದಿನಗಟ್ಟಲೆ ಇಡುವಾಗಿನ ಮಾತು. ಎರಡು ಗಂಟೆಯ ಬ್ಯಾಗಿನಲ್ಲಿ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ತೂಕದ ಪರೀಕ್ಷೆ ಸುಲಭ, ಮಾಡಿಸಿ. ಬ್ಯಾಗಿನ ತೂಕ ಎಷ್ಟಿರಬೇಕು ಅಂತ ಬಿಲ್ಲಿನಿಂದಲೇ ಲೆಕ್ಕ ಸಿಗುತ್ತದೆ. ಒಂದು ಪೊಟ್ಟಣ ಬಿಟ್ಟುಹೋಗಿದ್ದರೆ ತಕ್ಕಡಿ ಹೇಳುತ್ತದೆ. ಬಿಡಿ ತರಕಾರಿಗೆ ಸ್ವಲ್ಪ ಹೆಚ್ಚು ಕಡಿಮೆ ಬಿಡಬೇಕು.

ಇನ್ನೊಂದು ಜಾಗದಲ್ಲಿ ಹೊತ್ತು ಸದ್ದಿಲ್ಲದೆ ಸೋರುತ್ತದೆ: ಸ್ಟಾಕ್ ಇಲ್ಲದ ಸಾಮಾನು. ಪಿಕ್ಕರ್ ರ‍್ಯಾಕ್ ಮುಂದೆ ನಿಂತು ಗ್ರಾಹಕರಿಗೆ ಫೋನ್ ಮಾಡುತ್ತಾರೆ, ಅವರು ಎತ್ತುವುದಿಲ್ಲ, ಆರ್ಡರ್ ಅಲ್ಲೇ ನಿಲ್ಲುತ್ತದೆ. ಅದರ ಜೊತೆ ಟ್ರಾಲಿಯ ಉಳಿದ ಆರ್ಡರ್‌ಗಳೂ ನಿಲ್ಲುತ್ತವೆ. ಡ್ರೈ ಸಾಮಾನನ್ನು ಮೊದಲೇ ಆರಿಸುವುದರಿಂದ ಇದಕ್ಕೂ ಅನುಕೂಲ. ಕೊರತೆ ಮೂರು ಗಂಟೆಗೇ ಗೊತ್ತಾಗುತ್ತದೆ, ಬದಲಿ ಕೇಳಲು ಸಮಯ ಇರುತ್ತದೆ. ಚಿಲ್ಡ್ ಸಾಮಾನು ಆರಿಸಲು ಶುರು ಮಾಡುವ ಹೊತ್ತಿಗೆ ಬದಲಿಯ ಮಾತುಕತೆ ಮುಚ್ಚಬೇಕು. ಉತ್ತರ ಬರದಿದ್ದರೆ ಆ ಸಾಮಾನಿಲ್ಲದೆ, ಅದರ ಹಣ ಬಿಟ್ಟು ಬಿಲ್ ಹೋಗಲಿ. ಸ್ಟಾಕ್ ಇರುವಾಗಲೂ ಬೇಗ ಅವಧಿ ಮುಗಿಯುವ ಪೊಟ್ಟಣ ಮೊದಲು ಹೋಗುವಂತೆ ರ‍್ಯಾಕ್ ಮುಂದಕ್ಕೆ ತಂದಿಡಿ. ಗಡಿಬಿಡಿಯಲ್ಲಿ ಯಾರೂ ದಿನಾಂಕ ಓದುವುದಿಲ್ಲ, ಕೈಗೆ ಸಿಕ್ಕಿದ್ದನ್ನು ತೆಗೆಯುತ್ತಾರೆ.

ಬಾಗಿಲಿನಿಂದ ವ್ಯಾನಿಗೆ ತುಂಬುವಾಗ ಸಾಲು ತಿರುವುಮುರುವಾಗಬೇಕು. ಕೊನೆಗೆ ಕೊಡುವ ಮನೆಯ ಬ್ಯಾಗ್ ಮೊದಲು ಒಳಗೆ, ಮೊದಲ ಮನೆಯದು ಕೊನೆಗೆ. ಇದಕ್ಕಾಗಿ ಲೇಬಲ್ ಮೇಲೆ ಆರ್ಡರ್ ನಂಬರಿಗಿಂತ ದೊಡ್ಡದಾಗಿ ಮನೆಯ ಸರದಿ ಬರೆಯಿರಿ: ವ್ಯಾನ್ 3, ಸರದಿ 7, ಮೂರರಲ್ಲಿ ಎರಡನೆಯ ಬ್ಯಾಗ್. ಕತ್ತಲಲ್ಲಿ ಬಾಗಿಲು ತೆರೆದ ಡ್ರೈವರಿಗೆ ಬೇಕಾದದ್ದು ಅಷ್ಟೇ. ಎಂಟು ಅಂಕಿಯ ಆರ್ಡರ್ ನಂಬರ್ ಅವರಿಗೆ ಯಾಕೆ? ಮೂರು ಬ್ಯಾಗೂ ಸಿಕ್ಕಿವೆಯಾ ಅಂತ ಅವರು ಅಲ್ಲೇ ಎಣಿಸಿಕೊಳ್ಳಬಹುದು. ಫ್ರೋಜನ್ ಬ್ಯಾಗನ್ನು ನೀವು ಬೇರೆ ಮಾಡಿರುವುದರಿಂದ, ಎಣಿಸದೇ ಹೋದರೆ ಮರೆತು ಉಳಿಯುವುದೂ ಅದೇ.

ಇದೆಲ್ಲ ನಡೆಯಬೇಕಾದರೆ ವ್ಯಾನಿನ ದಾರಿ ಪ್ಯಾಕಿಂಗ್‌ಗೆ ಮುಂಚೆ ಗೊತ್ತಿರಬೇಕು. ಅಂದರೆ ಪ್ರತಿ ಸ್ಲಾಟಿಗೂ ಆರ್ಡರ್ ತೆಗೆದುಕೊಳ್ಳುವ ಕೊನೆಯ ಹೊತ್ತು ಬೇಕು. ಆ ಹೊತ್ತು ಮುಗಿದ ಮೇಲೆ ದಾರಿ ಬದಲಾಗಬಾರದು. ಇದನ್ನು ಮಾಲೀಕರು ಒಪ್ಪುವುದು ಕಷ್ಟ, ಒಂದು ಆರ್ಡರನ್ನೂ ಬಿಡಲು ಮನಸ್ಸು ಬರುವುದಿಲ್ಲ. ಆದರೆ ದಾರಿ ಕೊನೆ ಗಳಿಗೆಯಲ್ಲಿ ಬದಲಾದರೆ ಬಾಗಿಲಲ್ಲಿ ಜೋಡಿಸಿಟ್ಟ ಎಲ್ಲ ಬ್ಯಾಗುಗಳ ಸರದಿಯೂ ಸುಳ್ಳಾಗುತ್ತದೆ. ಒಂದು ಆರ್ಡರ್ ಸೇರಿಸಲು ಹೋಗಿ ಇಪ್ಪತ್ತನ್ನು ಮತ್ತೆ ಜೋಡಿಸಬೇಕಾಗುತ್ತದೆ. ತಡವಾಗಿ ಬಂದದ್ದು ಮುಂದಿನ ವ್ಯಾನಿಗೆ ಹೋಗಲಿ.

ಸಾಫ್ಟ್‌ವೇರ್ ಬೇಕಾ ಅಂದಿರಿ. ಈಗಲೇ ಬೇಡ. ಗೋಡೆಗೆ ಒಂದು ದೊಡ್ಡ ಬೋರ್ಡ್ ಹಾಕಿ. ಎಡಗಡೆ ವ್ಯಾನ್‌ಗಳು, ಹೊರಡುವ ಹೊತ್ತಿನ ಸಾಲಿನಲ್ಲಿ. ಮುಂದೆ ನಾಲ್ಕು ಕಾಲಂ: ಡ್ರೈ ಮುಗಿಯಿತು, ಚಿಲ್ಡ್ ಮುಗಿಯಿತು, ಫ್ರೋಜನ್ ಹೊರಬಂತು, ವ್ಯಾನ್ ಹೊರಟಿತು. ಪ್ರತಿಯೊಂದಕ್ಕೂ ಆಗಬೇಕಾದ ಹೊತ್ತು ಒಂದು ಬಣ್ಣದಲ್ಲಿ, ಆದ ಹೊತ್ತು ಇನ್ನೊಂದರಲ್ಲಿ. ಮೊದಲು ಒಂದೇ ಸ್ಲಾಟಿನ ವ್ಯಾನ್‌ಗಳ ಮೇಲೆ ಇದನ್ನು ನಡೆಸಿ, ಎರಡು ವಾರ. ಉಳಿದವು ಹಳೆಯ ಹಾಗೇ ನಡೆಯಲಿ. ನಿಮ್ಮ ಗೋದಾಮಿನಲ್ಲಿ ಒಂದು ಆರ್ಡರಿಗೆ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದು ಆ ಬೋರ್ಡಿನಿಂದಲೇ ಸಿಗುತ್ತದೆ, ನಾನು ಮೇಲೆ ಕೊಟ್ಟ ಅಂಕಿಗಳ ಜಾಗದಲ್ಲಿ ಅವನ್ನು ಹಾಕಿಕೊಳ್ಳಿ. ಆಮೇಲೆ ಸಾಫ್ಟ್‌ವೇರ್ ಮಾರುವವರು ಬಂದರೆ ಎರಡು ವಿಷಯ ಕೇಳಿ. ಕೆಲಸವನ್ನು ವ್ಯಾನ್ ಹೊರಡುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ ಬಿಡುತ್ತದೆಯಾ? ಒಂದು ಆರ್ಡರಿನ ಡ್ರೈ, ಚಿಲ್ಡ್, ಫ್ರೋಜನ್ ಭಾಗಗಳಿಗೆ ಬೇರೆ ಬೇರೆ ಹೊತ್ತು ಕೊಡಲು ಬರುತ್ತದೆಯಾ? ಎರಡರಲ್ಲಿ ಒಂದಕ್ಕೆ ಇಲ್ಲ ಅಂದರೂ ಬೋರ್ಡನ್ನೇ ಇಟ್ಟುಕೊಳ್ಳಿ.